ಹೆಲ್ಮೆಟ್ ಮೇಲೆ ಕೂತವಳು

ಐರಿನ್ ಸೋನ್ಸ್‌ಳ ವೀಸಾ ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆದಿತ್ತು, ಈಕೆ ಯಾವ ಕೆಲಸ ಬೇಕಾದರೂ ಮಾಡಬಹುದು ಅಂತ. ಹೋಟೆಲಿನಲ್ಲಿ ಪಾತ್ರೆ ತೊಳೆಯಬಹುದು, ಅಂಗಡಿ ಇಡಬಹುದು, ಬಸ್ಸು ಓಡಿಸಲು ಕಲಿಯಬಹುದು. ಅವಳಿಗೆ ಗೊತ್ತಿದ್ದ ಒಂದೇ ಒಂದು ಕೆಲಸವನ್ನು ಮಾತ್ರ ಮಾಡುವ ಹಾಗಿರಲಿಲ್ಲ. ಎಂತಹ ಚಂದ ನೋಡಿ!

ಉಡುಪಿಯ ಆಸ್ಪತ್ರೆಯೊಂದರಲ್ಲಿ ಆರು ವರ್ಷ ಫಿಸಿಯೊಥೆರಪಿಸ್ಟ್ ಆಗಿದ್ದವಳು ಅವಳು. ಬೈಕಿನಿಂದ ಬಿದ್ದವರು, ಸೊಂಟ ಹಿಡಿದವರು, ಪಾರ್ಶ್ವವಾಯು ಬಡಿದ ಮುದುಕರು, ಎಲ್ಲರನ್ನೂ ಎಬ್ಬಿಸಿ ನಡೆಸಿದ ಕೈ ಅದು. ಗಂಡ ರಾಯನ್‌ಗೆ ಜರ್ಮನಿಯ ಅಬ್‌ಸ್ಟಾಟ್‌ನಲ್ಲಿ ಕಾರಿನ ಬ್ರೇಕ್ ಪರೀಕ್ಷಿಸುವ ಕೆಲಸ. ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಇದ್ದವನ ಹೆಂಡತಿಗೆ ಬಂದಿಳಿದ ದಿನದಿಂದಲೇ ದುಡಿಯಲು ಅನುಮತಿ ಉಂಟು ಅಂತ ಖುಷಿಯಲ್ಲೇ ಬಂದಿದ್ದಳು. ಆದರೆ ಓದಿದ ಓದನ್ನು ಒಪ್ಪುವ ಆಫೀಸು ಬೇರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಹದಿನಾಲ್ಕು ತಿಂಗಳು ಕಾಯಿಸಿ ಆ ಆಫೀಸು ಒಂದು ಬೆಷೈಡ್ ಕಳಿಸಿತು. ತೀರ್ಪಿನ ಕಾಗದಕ್ಕೆ ಇಲ್ಲಿ ಹಾಗೆ ಹೇಳುವುದು. ನಿಮ್ಮ ಓದಿನಲ್ಲಿ ಇಂತಿಷ್ಟು ಗಂಟೆ ಕಡಿಮೆ ಉಂಟು, ಎಲ್ಲಾದರೂ ಒಂದು ವರ್ಷ ತರಬೇತಿಗೆ ಸೇರಿ, ಬರುವ ಅಕ್ಟೋಬರಿನೊಳಗೆ ಸೇರದಿದ್ದರೆ ಅರ್ಜಿ ರದ್ದು. ಸರಿ, ಎಲ್ಲಿ ಸೇರುವುದು? ಬರೆದ ಕಡೆಯಿಂದೆಲ್ಲ ಜಾಗವಿಲ್ಲ ಎಂಬ ಉತ್ತರವೇ.

ಬೆಳಿಗ್ಗೆ ಏಳಕ್ಕೆ ರಾಯನ್ ಹೊರಟರೆ ಸಂಜೆ ತನಕ ಆ ಮೂರನೇ ಮಹಡಿಯ ಮನೆಯಲ್ಲಿ ಅವಳೊಬ್ಬಳೇ. ಕಿಟಕಿಯ ಆಚೆ ದ್ರಾಕ್ಷಿ ತೋಟ, ಈಚೆ ಫ್ರಿಜ್ಜಿನ ಗುಂಯ್ ಸದ್ದು. ಕೈಗೆ ಕೆಲಸ ಮರೆತುಹೋಗಬಾರದು ಅಂತ ಸೋಫಾದಲ್ಲಿ ಕೂತು ತನ್ನ ಮಂಡಿಯನ್ನೇ ತಾನು ಒತ್ತಿ ನೋಡಿಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಮೆಟ್ಟಿಲಿಳಿದು ಬಸ್‌ಸ್ಟಾಪಿನ ತನಕ ಹೋಗಿ, ಯಾವ ಬಸ್ಸೂ ಹತ್ತದೆ ವಾಪಸ್ ಬರುತ್ತಿದ್ದಳು.

ಫ್ರಾವ್ ಕೆಸ್ಲರ್, ಅಂದರೆ ಶ್ರೀಮತಿ ಕೆಸ್ಲರ್, ಸಿಕ್ಕಿದ್ದು ಚರ್ಚಿನಲ್ಲಿ, ಆರಾಧನೆ ಮುಗಿದ ಮೇಲಿನ ಕಾಫಿಯ ಹೊತ್ತಿಗೆ. ಸ್ವಂತ ಫಿಸಿಯೊ ಕ್ಲಿನಿಕ್ ಇದ್ದ ಹೆಂಗಸು. ಅವಳ ಗಂಡ ಪಕ್ಕದ ಊರಿನ ಸಣ್ಣ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಕೋಚ್. ಈ ಆಟದಲ್ಲಿ ಚೆಂಡು ಕಾಲಿಗಿಂತ ಕಂಕುಳಲ್ಲೇ ಹೆಚ್ಚು. ಅದನ್ನು ಹಿಡಿದು ಓಡುವವನನ್ನು ಉಳಿದವರು ಅಡ್ಡ ಹಾಕಿ ಕೆಡವುತ್ತಾರೆ. "ತಂಡಕ್ಕೆ ನೀರು ಕೊಡಲು, ಕಾಲಿಗೆ ಟೇಪ್ ಸುತ್ತಲು ಜನ ಬೇಕು. ಸಂಬಳ ಇಲ್ಲ. ಸೀಸನ್ ಚೆನ್ನಾಗಿ ಮುಗಿಯಲಿ, ಸೆಪ್ಟೆಂಬರಿಗೆ ನನ್ನ ಕ್ಲಿನಿಕ್ಕಿನಲ್ಲೇ ನಿನಗೆ ತರಬೇತಿ," ಅಂದಳು ಫ್ರಾವ್ ಕೆಸ್ಲರ್. ಐರಿನ್‌ಗೆ ಅವಳ ಕೈ ಹಿಡಿದು ಅಳುವುದೊಂದು ಬಾಕಿ. "ಆದರೆ ಒಂದು ನೆನಪಿಡು. ಚಿಕಿತ್ಸೆ ನನ್ನದು, ನೀರು ನಿನ್ನದು. ಲೈಸೆನ್ಸ್ ಇಲ್ಲದೆ ನೀನು ಯಾರನ್ನಾದರೂ ಪರೀಕ್ಷೆ ಮಾಡಿದರೆ ನಿನ್ನ ಅರ್ಜಿಯೂ ಹೋಯಿತು, ನನ್ನ ಕ್ಲಿನಿಕ್ಕೂ ಹೋಯಿತು."

ತಂಡದ ಹೆಸರು ಕಾಡುಹಂದಿಗಳು. ಮೂವತ್ತು ಹುಡುಗರು, ಹಿಂದಿನ ವರ್ಷ ಒಂದು ಪಂದ್ಯವನ್ನೂ ಗೆದ್ದವರಲ್ಲ. ಈ ವರ್ಷ ಅದೆಂತ ಗಾಳಿ ಬೀಸಿತೋ, ಏಪ್ರಿಲಿನಿಂದ ಗೆದ್ದೇ ಗೆದ್ದರು. ಯಾನಿಕ್ ಎಂಬ ಇಪ್ಪತ್ತೊಂದರ ಹುಡುಗ ಚೆಂಡು ಹಿಡಿದು ಓಡಿದರೆ ಹಿಡಿಯುವವರೇ ಇಲ್ಲ. ಪಂದ್ಯದ ದಿನ ಎಡಗಾಲಿನ ಟೇಪನ್ನು ಐರಿನ್ ಕೈಯಲ್ಲೇ ಸುತ್ತಿಸಿಕೊಳ್ಳಬೇಕು ಅವನಿಗೆ. "ಇರೇನೆ ಸುತ್ತಿದರೆ ಕಾಲು ಉಳುಕುವುದಿಲ್ಲ," ಅನ್ನುತ್ತಿದ್ದ. ಜರ್ಮನರ ಬಾಯಲ್ಲಿ ಐರಿನ್ ಅಂದರೆ ಇರೇನೆ. ನಿಜ ಹೇಳಬೇಕೆಂದರೆ ಉಳುಕಲೂ ಇಲ್ಲ, ಫೈನಲ್ ತನಕ ಒಬ್ಬನಿಗೂ.

"ಊರಿಗೆ ಉಪಕಾರಿ, ಮನೆಗೆ ಮಾರಿ," ಅಂತ ರಾಯನ್ ನಗುತ್ತಿದ್ದ, ಆದಿತ್ಯವಾರ ತಣ್ಣಗಿನ ಸಾರು ಬಡಿಸಿಕೊಳ್ಳುತ್ತಾ.

ಜೂನ್ ಕೊನೆಗೆ ಫೈನಲ್. ಉರಿ ಬಿಸಿಲು. ಮೂರನೇ ಕ್ವಾರ್ಟರಿನಲ್ಲಿ ಒಬ್ಬನ ಮಂಡಿ ತಿರುಚಿಹೋಯಿತು. ಫ್ರಾವ್ ಕೆಸ್ಲರ್ ಅವನ ಸ್ಟ್ರೆಚರಿನ ಜೊತೆಗೇ ಆಂಬುಲೆನ್ಸಿನ ಕಡೆ ಹೋದಳು, ಗ್ಯಾಲರಿಯ ಹಿಂದಕ್ಕೆ. ಬೆಂಚಿನ ಹತ್ತಿರ ಉಳಿದದ್ದು ಐರಿನ್ ಮತ್ತು ನೀರಿನ ಬಾಟಲಿಗಳು. ಅಷ್ಟರಲ್ಲೇ ಯಾನಿಕ್‌ಗೆ ಇಬ್ಬರು ಎರಡು ಕಡೆಯಿಂದ ಬಂದು ಗುದ್ದಿದರು.

ಅವನೇನೋ ಎದ್ದ, ನಗುತ್ತಲೇ ಬಂದ. ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟು, "ಇರೇನೆ, ಎಡಗಾಲಿಗೆ ಟೇಪ್ ಸುತ್ತು," ಅಂದ.

"ಬೆಳಿಗ್ಗೆಯೇ ಸುತ್ತಿದ್ದೇನಲ್ಲ."

"ಹೌದಾ," ಅಂತ ಕಾಲು ನೋಡಿಕೊಂಡ. ಎರಡು ಗುಟುಕು ನೀರು ಕುಡಿದ. ಆಮೇಲೆ ಅದೇ ನಗು, ಅದೇ ದನಿ: "ಇರೇನೆ, ಎಡಗಾಲಿಗೆ ಟೇಪ್ ಸುತ್ತು."

ಐರಿನ್ ಬಾಟಲಿ ಕೆಳಗಿಟ್ಟಳು. ಗದ್ದ ಹಿಡಿದು ಮುಖ ಎತ್ತಿ ನೋಡಿದಳು. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಿತ್ತು. ಮುಟ್ಟಬಾರದಿತ್ತು, ಮುಟ್ಟಿಯಾಗಿತ್ತು. ಆಂಬುಲೆನ್ಸಿನವರನ್ನು ಕರೆತರಲು ಒಬ್ಬ ಹುಡುಗನನ್ನು ಓಡಿಸಿದಳು. "ಯಾನಿಕ್, ಒಳಗೆ!" ಅಂತ ಕೋಚ್ ಕೂಗಿದ. ಯಾನಿಕ್ ಕೈ ಹೆಲ್ಮೆಟ್ಟಿಗೆ ಹೋಗುವ ಮೊದಲೇ ಐರಿನ್ ಅದನ್ನು ಎಳೆದು ನೆಲಕ್ಕಿಟ್ಟು ಮೇಲೆ ಕೂತುಬಿಟ್ಟಳು, ಊರಲ್ಲಿ ತೆಂಗಿನಕಾಯಿ ತುರಿಯಲು ಮಣೆಯ ಮೇಲೆ ಕೂರುವ ಹಾಗೆ. ಹೆಲ್ಮೆಟ್ ಇಲ್ಲದವನನ್ನು ರೆಫರಿ ಒಳಗೆ ಬಿಡುವುದಿಲ್ಲ. ಇನ್ನೊಬ್ಬರದ್ದು ಯಾನಿಕ್‌ನ ದೊಡ್ಡ ತಲೆಗೆ ಹಿಡಿಸುವುದಿಲ್ಲ.

"ಏಳು!" ಅಂದ ಕೋಚ್.

"ಇವನ ತಲೆಗೆ ಪೆಟ್ಟಾಗಿದೆ. ಏಳುವುದಿಲ್ಲ."

"ಅದನ್ನು ಹೇಳಲು ನೀನು ಯಾರು? ನೀರು ಕೊಡುವವಳು!"

ಹೌದು, ಕಾಗದದ ಪ್ರಕಾರ ಅಷ್ಟೇ. ಕ್ಲಿನಿಕ್ಕು, ಸೆಪ್ಟೆಂಬರು, ಎಲ್ಲ ಆ ಒಂದು ಹೆಲ್ಮೆಟ್ಟಿನ ಕೆಳಗೆ ಹೂತುಹೋಯಿತು ಅಂತ ಅವಳಿಗೆ ಗೊತ್ತಿತ್ತು. ಆದರೂ ಏಳಲಿಲ್ಲ ಮಹಾತಾಯಿ! ಕೋಚ್ ಬಾಯಿಗೆ ಬಂದದ್ದು ಬೈದು ಬೇರೊಬ್ಬನನ್ನು ಕಳಿಸಿದ. ಕಾಡುಹಂದಿಗಳು ಹೇಗೋ ಏಗಿ ಮೂರು ಪಾಯಿಂಟಿನಿಂದ ಗೆದ್ದರು. ಅವರು ಕಪ್ ಎತ್ತಿ ಕುಣಿಯುವಾಗ ಯಾನಿಕ್ ಆಸ್ಪತ್ರೆಯ ದಾರಿಯಲ್ಲಿದ್ದ. ಮೆದುಳಿನಲ್ಲಿ ಸಣ್ಣ ರಕ್ತಸ್ರಾವ. ಇನ್ನೊಂದು ಗುದ್ದು ತಿಂದಿದ್ದರೆ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು.

ಮಂಗಳವಾರ ಫ್ರಾವ್ ಕೆಸ್ಲರ್ ಮೂರು ಮಹಡಿ ಹತ್ತಿ ಮನೆಗೇ ಬಂದಳು, ಕೈಯಲ್ಲಿ ಒಂದು ವರದಿ. ಫೈನಲ್ಲಿನಲ್ಲಿ ಬೆಂಚು ಬಿಟ್ಟು ಹೋಗಬಾರದಿತ್ತು ಅವಳು. ಹೋದದ್ದು ಗೊತ್ತಾದರೆ ಇನ್ಶೂರೆನ್ಸಿನವರು ಬಿಡುವುದಿಲ್ಲ. ಅದಕ್ಕೇ ವರದಿಯಲ್ಲಿ ಹೀಗಿತ್ತು: ಆಟಗಾರನನ್ನು ಪರೀಕ್ಷಿಸಿ ಹೆಲ್ಮೆಟ್ ತೆಗೆದಿಟ್ಟದ್ದು ಫ್ರಾವ್ ಕೆಸ್ಲರ್. ಸಾಕ್ಷಿ, ನೀರಿನ ಸಹಾಯಕಿ ಇರೇನೆ.

"ನಿಜ ಬರೆದರೆ ನೀನೂ ಸಿಕ್ಕಿಬೀಳುತ್ತೀ, ನಾನೂ ಸಿಕ್ಕಿಬೀಳುತ್ತೇನೆ," ಅಂದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಹೇಳಬಾರದು. "ಇದಕ್ಕೆ ಸೈನ್ ಹಾಕಿದರೆ ಸೆಪ್ಟೆಂಬರ್ ಒಂದಕ್ಕೆ ಕ್ಲಿನಿಕ್ಕಿಗೆ ಬಾ."

ಅವಳು ಹೋದ ಮೇಲೆ ಐರಿನ್ ಆ ಕಾಗದವನ್ನು ಮೂರು ಸಲ ಓದಿದಳು. ಫಿಸಿಯೊ ಆಗಲು ಬಾಗಿಲು ಇದೊಂದೇ, ಆ ಬಾಗಿಲು ದಾಟಬೇಕಾದರೆ ತಾನು ಫಿಸಿಯೊ ಆಗಿ ಮಾಡಿದ್ದನ್ನೇ ಹೊರಗೆ ಬಿಟ್ಟು ಬರಬೇಕು. ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು.

"ನಿನಗೆ ಎಂತ ಮರುಳಾ ಮಾರಾಯ್ತಿ? ಹಾಕು ಸೈನ್," ಅಂದ ರಾಯನ್. "ಹುಡುಗ ಬದುಕಿದ್ದಾನಲ್ಲ, ಇನ್ನೆಂತ ಬೇಕು?"

"ಅವನು ಬದುಕಿದ. ನಾನು ಅಲ್ಲಿ ಇರಲೇ ಇಲ್ಲ ಅಂತ ಆಯ್ತಲ್ಲ ರಾಯನ್."

ರಾಯನ್ ಪೆನ್ನು ಹುಡುಕಿ ತಂದುಕೊಟ್ಟ. ಅವಳು ಸೈನ್ ಹಾಕಿದಳು.

ಸೆಪ್ಟೆಂಬರಿನ ಎರಡನೇ ವಾರ ಕ್ಲಿನಿಕ್ಕಿಗೆ ಯಾನಿಕ್ ಬಂದ, ಸೊರಗಿಹೋಗಿದ್ದ, ಕುತ್ತಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. ಪರದೆಯ ಆಚೆ ಫ್ರಾವ್ ಕೆಸ್ಲರ್ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ಐರಿನ್ ಅವನನ್ನು ಮಲಗಿಸಿ ತಲೆಯನ್ನು ಎರಡು ಕೈಯಲ್ಲಿ ಹಿಡಿದಳು.

"ಇರೇನೆ, ಆ ದಿನ ಬೆಳಿಗ್ಗೆ ನೀನು ಟೇಪ್ ಸುತ್ತಿದ್ದೇ ಕೊನೆಯ ನೆನಪು," ಅಂದ ಅವನು. "ಹೆಲ್ಮೆಟ್ ಕಿತ್ತುಕೊಂಡದ್ದು ನೀನು ಅಂತಾರೆ ಹುಡುಗರು. ಕೋಚ್ ನೋಡಿದರೆ ಫ್ರಾವ್ ಕೆಸ್ಲರ್ ಅಂತಾನೆ. ಅಮ್ಮ ದಿನಾ ಕೇಳುತ್ತಾಳೆ, ಯಾರಿಗೆ ಥ್ಯಾಂಕ್ಸ್ ಹೇಳಲಿ ಅಂತ. ನೀನೇ ಹೇಳು, ಯಾರು?"

ಪರದೆಯ ಆಚೆ ಟೈಪಿಂಗ್ ನಿಂತಿತು.

ಐರಿನ್‌ಳ ಬೆರಳಿನ ಕೆಳಗೆ ಅವನ ನಾಡಿ ಹೊಡೆದುಕೊಳ್ಳುತ್ತಿತ್ತು.

"ಫ್ರಾವ್ ಕೆಸ್ಲರ್," ಅಂದಳು. "ನಾನು ನೀರು ಕೊಡುತ್ತಿದ್ದೆ."

"ಡಾಂಕೆ, ಫ್ರಾವ್ ಕೆಸ್ಲರ್!" ಅಂತ ಯಾನಿಕ್ ಮಲಗಿದಲ್ಲಿಂದಲೇ ಪರದೆಯ ಕಡೆಗೆ ಕೂಗಿದ. ಆಚೆ ಟೈಪಿಂಗ್ ಮತ್ತೆ ಶುರುವಾಯಿತು. ಐರಿನ್ ಅವನ ಕುತ್ತಿಗೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಳು.