ಲಿಯೋನೆಲ್ ಬರೆದ ಹದಿನಾಲ್ಕು ಪುಟ

ಸಂತೆಕಟ್ಟೆಯಲ್ಲಿ ಲಿಯೋನೆಲ್ ಬರ್ಬೋಜಾ ಎಂದರೆ ಯಾರಿಗೂ ತಟ್ಟನೆ ಗೊತ್ತಾಗಲಿಕ್ಕಿಲ್ಲ. ಬಾಡಿಗೆ ಪುಸ್ತಕದ ಲಿಯೋನೆಲ್ ಎಂದರೆ ಐವತ್ತು ದಾಟಿದ ಹೆಂಗಸರು ‘ಹೋ, ಅವರಾ’ ಎಂದಾರು. ನಾನು ಅವನ ಪಕ್ಕದ ಅಂಗಡಿಯ ಟೈಲರ್, ಉಮಾನಾಥ. ನಮ್ಮ ನಡುವೆ ಇರುವುದು ಬರೇ ಒಂದು ಹಲಗೆ. ಆಚೆ ಅವನು ಕೆಮ್ಮಿದರೆ ಈಚೆ ನಾನು ‘ಕಷಾಯ ಕುಡಿ’ ಎನ್ನುತ್ತೇನೆ. ಅವನ ಬಗ್ಗೆ ಬರೆಯಲು ಇದಕ್ಕಿಂತ ದೊಡ್ಡ ಯೋಗ್ಯತೆ ಬೇಡ ಎಂದು ನನ್ನ ಲೆಕ್ಕ. ಆದರೂ ಇಷ್ಟು ದಿನ ಬರೆಯಲಿಲ್ಲ. ಅವನು ಮಾಡಿದ ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದಕ್ಕೆ.

ಅವನು ಅಂಗಡಿ ತೆರೆದದ್ದು ಎಂಬತ್ತಾರರಲ್ಲಿ. ಪತ್ತೇದಾರಿ ಇತ್ತು, ಸಾಮಾಜಿಕ ಇತ್ತು, ಆದರೆ ಹೆಂಗಸರು ಕೇಳುತ್ತಿದ್ದದ್ದು ಒಂದೇ: ಹಳೆಯ ಕಾಲದ ಪ್ರೀತಿಯ ಕಾದಂಬರಿ. ಅದರಲ್ಲೂ ಪ್ಲೇಗು ಬರಬೇಕು, ಯುದ್ಧ ಆಗಬೇಕು, ಅಕ್ಕಿ ಸಿಗಬಾರದು, ಅದರ ನಡುವೆ ಇಬ್ಬರು ಪ್ರೀತಿಸಬೇಕು. ಹೊಟ್ಟೆ ತುಂಬಿದವರ ಪ್ರೀತಿ ನಮ್ಮವರಿಗೆ ಬೇಡವೇ ಬೇಡ. ಕಲ್ಯಾಣಪುರದಿಂದ, ಬ್ರಹ್ಮಾವರದಿಂದ ಬಸ್ಸು ಹಿಡಿದು ಬಂದು, ಅಳಲಿಕ್ಕೆ ಸಾಮಾನು ಒಯ್ಯುತ್ತಿದ್ದರು.

ಇಂಥ ಪುಸ್ತಕಗಳಲ್ಲಿ ಮೊದಲು ಕಳಚಿಹೋಗುವುದು ಕೊನೆಯ ಪುಟಗಳು. ಯಾಕೆಂದರೆ ಎಲ್ಲರೂ ಕದ್ದು ಮೊದಲು ಓದುವುದು ಅದನ್ನೇ. ‘ಪೊರ್ಬುಗಳೇ, ಅವಳಿಗೆ ಕೊನೆಗೆ ಎಂತಾಯಿತು?’ ಎಂದು ಗಿರಾಕಿಗಳು ಜಗಳಕ್ಕೇ ಬರುತ್ತಿದ್ದರು. ಕೊಂಕಣಿ ಕ್ರೈಸ್ತರನ್ನು ನಮ್ಮ ಕಡೆ ಪೊರ್ಬುಗಳು ಎನ್ನುತ್ತಾರೆ. ಲಿಯೋನೆಲ್ ಅದಕ್ಕೊಂದು ದಾರಿ ಮಾಡಿಕೊಂಡಿದ್ದ. ಅದೇ ಪುಸ್ತಕದ ಇನ್ನೊಂದು ಪ್ರತಿ ಎಲ್ಲಿದೆ ಎಂದು ವಿಚಾರಿಸಿ, ಭಾನುವಾರ ಪೂಜೆ ಮುಗಿಸಿ ಉಡುಪಿಗೋ ಕಾಪುವಿಗೋ ಹೋಗಿ, ಹರಿದ ಪುಟಗಳನ್ನು ಕೈಯಲ್ಲಿ ನಕಲು ಮಾಡಿ ತಂದು ಅಂಟಿಸುತ್ತಿದ್ದ. ಅಕ್ಷರ ಅಚ್ಚಿನಂತೆ ದುಂಡಗೆ. ಕೆಳಗೆ ಒಂದು ಸಾಲು: ‘ಪ್ರತಿ ನೋಡಿ ಬರೆದದ್ದು. ಲಿ. ಬ.’ ಆ ಸಾಲನ್ನು ಜನ ಪಾದ್ರಿಗಳ ಸಹಿಯಷ್ಟೇ ನಂಬುತ್ತಿದ್ದರು.

ಸಮಸ್ಯೆ ಏನೆಂದರೆ, ಎಲ್ಲದಕ್ಕೂ ಪ್ರತಿ ಸಿಗುತ್ತಿರಲಿಲ್ಲ.

‘ಪಡಿ ಅಕ್ಕಿಯ ದಿನಗಳು’ ಎಂಬ ಕಾದಂಬರಿಗೆ ಸಿಗಲೇ ಇಲ್ಲ. ಮುಖಪುಟ ಹೋಗಿ ಬರೆದವರ ಹೆಸರೂ ಹೋಗಿತ್ತು. ಕಥೆ ಎರಡನೆಯ ಮಹಾಯುದ್ಧದ ಕಾಲದ್ದು. ವಾರಿಜ ಎಂಬ ಹುಡುಗಿ. ಅವಳಿಗೆ ಗೊತ್ತಾಗಿದ್ದ ಗಂಡು ಸೀತಾರಾಮ ರಂಗೂನಿನ ಹೋಟೆಲಿನಲ್ಲಿ ಕೆಲಸಕ್ಕಿರುತ್ತಾನೆ. ಅಲ್ಲಿ ಬಾಂಬು ಬೀಳುತ್ತದೆ, ಜನ ಕಾಡು ಹಿಡಿದು ನಡೆದು ಬರುತ್ತಾರೆ, ಅವನು ಬರುವುದಿಲ್ಲ. ಇಲ್ಲಿ ಅಕ್ಕಿಗೆ ರೇಷನ್. ಊರಿನ ಶಾಲೆಯ ಶಂಕರ ಮಾಸ್ತರರು ತಮ್ಮ ಪಾಲಿನ ಅಕ್ಕಿಯನ್ನು ದಿನಾ ಅವಳ ಮನೆಗೆ ತಂದುಕೊಡುತ್ತಾರೆ, ಬಾಯಿಬಿಟ್ಟು ಒಂದು ಮಾತು ಆಡುವುದಿಲ್ಲ. ಅಲ್ಲಿಗೆ ಪುಟ ಹರಿದಿತ್ತು.

ಕಾರ್ಕಳದಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ತರರ ಮನೆಯಲ್ಲಿ ಇನ್ನೊಂದು ಪ್ರತಿ ಇದೆ ಎಂದು ಯಾರೋ ಹೇಳಿದ್ದರು. ತೊಂಬತ್ತೆರಡರ ಮಳೆಗಾಲದಲ್ಲಿ ಲಿಯೋನೆಲ್ ಹೋದ. ಮಾಸ್ತರರು ತೀರಿಹೋಗಿ, ಪುಸ್ತಕಗಳನ್ನೆಲ್ಲ ಮನೆಯವರು ಗುಜರಿಗೆ ಹಾಕಿ ಆಗಿತ್ತು. ಒದ್ದೆಯಾಗಿ ಬಂದವನು ನನ್ನ ಕಟಿಂಗ್ ಮೇಜಿನ ಮೇಲೆ ಕಾಗದ ಹರಡಿ ಕುಳಿತ.

“ಉಮಾನಾಥ, ಇನ್ನು ನಾನೇ ಬರೆಯುವುದು. ಸೀತಾರಾಮನನ್ನು ಕರೆಸಲಾ, ಬೇಡವಾ?”

ನಾನು ಬ್ಲೌಸಿನ ಕಂಕುಳು ಕತ್ತರಿಸುತ್ತಿದ್ದೆ. ತಲೆಯೆತ್ತದೆ ಹೇಳಿದೆ: “ಕರೆಸು ಮಾರಾಯ. ಪಾಪ, ಅಷ್ಟು ದೂರದಿಂದ ನಡೆದು ಬರುವವನು.”

ನನ್ನ ಪಾಲು ಇಷ್ಟೇ. ಇಷ್ಟು ಸಾಕಾಯಿತು.

ಹದಿನಾಲ್ಕು ಪುಟ ಬರೆದ. ಐದು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಸೀತಾರಾಮ ಕುಂಟುತ್ತಾ ಬಂದು ಅಂಗಳದಲ್ಲಿ ನಿಲ್ಲುತ್ತಾನೆ. ವಾರಿಜ ಕೈಯಲ್ಲಿದ್ದ ಮೊರ ಬಿಟ್ಟು ಓಡುತ್ತಾಳೆ. ಮಾಸ್ತರರು ವರ್ಗ ಮಾಡಿಸಿಕೊಂಡು ಊರು ಬಿಡುತ್ತಾರೆ. ನಾನು ಎರಡು ಸಲ ಓದಿದೆ. ಕೆಳಗೆ ಆ ಹಾಳು ಸಾಲನ್ನೂ ಬರೆದ: ‘ಪ್ರತಿ ನೋಡಿ ಬರೆದದ್ದು.’ ಯಾಕೆಂದು ಕೇಳಿದ್ದಕ್ಕೆ “ಇಲ್ಲದಿದ್ದರೆ ಯಾರೂ ನಂಬುವುದಿಲ್ಲ” ಎಂದ.

ಇನ್ನು ತೆರೆಸಾಳ ವಿಷಯ ಹೇಳಬೇಕು. ಕಲ್ಯಾಣಪುರದ ಹುಡುಗಿ, ಪ್ರತಿ ಶನಿವಾರ ಎರಡು ಪುಸ್ತಕ ಒಯ್ಯುತ್ತಿದ್ದಳು. ಓದಿದ್ದಕ್ಕೆಲ್ಲ ಅಳುವವಳಲ್ಲ. ‘ಈ ಹೀರೋಗೆ ಬುದ್ಧಿ ಇಲ್ಲ’ ಎಂದು ವಾಪಸು ಕೊಡುವ ಜಾತಿ. ಅವಳು ಬರುವ ದಿನ ಲಿಯೋನೆಲ್ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದ. ಆ ಅಂಗಿಗಳನ್ನು ಹೊಲಿದವನು ನಾನು, ನನಗೆ ಗೊತ್ತಿಲ್ಲವೇ?

ಆದರೆ ಈ ಮಹಾರಾಯ ಬಾಯಿ ಬಿಡುವಷ್ಟರಲ್ಲಿ ತೊಂಬತ್ತರ ಮೇ ತಿಂಗಳಲ್ಲಿ ಅವಳಿಗೆ ನಿಶ್ಚಯವಾಯಿತು. ಹುಡುಗ ಕ್ಲಾಯ್ಡ್, ಮಟ್ಟುವಿನ ಕಡೆಯವನು, ಕುವೈತಿನಲ್ಲಿ ಸ್ಟೋರ್ ಕೀಪರ್. ಮದುವೆ ಜನವರಿಗೆ ಎಂದಿತ್ತು. ಆಗಸ್ಟಿನಲ್ಲಿ ಅಲ್ಲಿ ಯುದ್ಧ ಶುರುವಾಯಿತು. ನಮ್ಮ ಕಡೆಯ ಗಂಡಸರೆಲ್ಲ ಮರುಭೂಮಿ ದಾಟಿ, ಅಮ್ಮಾನಿನಿಂದ ಬೊಂಬಾಯಿಗೆ ಬಂದು, ಗಡ್ಡ ಬಿಟ್ಟುಕೊಂಡು ಒಬ್ಬೊಬ್ಬರೇ ಬಸ್ಸಿನಿಂದ ಇಳಿದರು. ಕ್ಲಾಯ್ಡ್ ಇಳಿಯಲಿಲ್ಲ. ಜೊತೆಗಿದ್ದವನೊಬ್ಬ ಮನೆಗೆ ಬಂದು ಹೇಳಿದ: ಹೊರಡುವ ಬಸ್ಸಿಗೆ ಹತ್ತುವಾಗ ಇದ್ದ, ಗಡಿಯಲ್ಲಿ ತಲೆ ಎಣಿಸುವಾಗ ಇರಲಿಲ್ಲ. ಅಷ್ಟೇ. ಸತ್ತ ಎಂದು ಯಾರೂ ಹೇಳಲಿಲ್ಲ, ಇದ್ದಾನೆ ಎಂದೂ ಹೇಳಲಿಲ್ಲ.

ಎರಡೂವರೆ ವರ್ಷ ಕಳೆಯಿತು. ತೊಂಬತ್ತಮೂರರ ಫೆಬ್ರವರಿಯಲ್ಲಿ, ನಾನು ಬೈದು ಬೈದು, ಲಿಯೋನೆಲ್ ತನ್ನ ಚಿಕ್ಕಮ್ಮನನ್ನು ತೆರೆಸಾಳ ಮನೆಗೆ ಕಳಿಸಿದ. ಅವಳ ತಾಯಿಗೆ ಒಪ್ಪಿಗೆ. ತೆರೆಸಾ ಮಾತ್ರ ಈಸ್ಟರ್ ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದಳು. ಈಸ್ಟರಿಗೆ ಮೊದಲಿನ ನಲುವತ್ತು ದಿನದ ವ್ರತಕ್ಕೆ ಅವರಲ್ಲಿ ಕೊರೆಜ್ಮ ಎನ್ನುತ್ತಾರೆ. ಆಗ ಮದುವೆಯ ಸುದ್ದಿ ಎತ್ತುವುದಿಲ್ಲ. ಒಬ್ಬೊಬ್ಬರು ಒಂದೊಂದು ಪ್ರಿಯವಾದದ್ದನ್ನು ಬಿಡುತ್ತಾರೆ. ಕೆಲವರು ಮೀನು, ಕೆಲವರು ಶರಾಬು. ತೆರೆಸಾ ಬಿಡುತ್ತಿದ್ದದ್ದು ಕಾದಂಬರಿ.

ಆ ವರ್ಷ ಮಾತ್ರ ಕೊರೆಜ್ಮದ ನಡುವೆಯೇ ಬಂದಳು. ಕೇಳಿದ್ದು ಒಂದೇ ಪುಸ್ತಕ, ‘ಪಡಿ ಅಕ್ಕಿಯ ದಿನಗಳು’. ಲಿಯೋನೆಲ್ ತೆಗೆದು ಕೊಟ್ಟ. ಅವಳು ಆಚೆ ಹೋದದ್ದೇ ಹಲಗೆಯ ಸಂದಿಯಲ್ಲಿ ಮುಖ ತೂರಿಸಿ ನಕ್ಕ. “ಒಳ್ಳೆಯದಾಯಿತು. ಕೊನೆ ಸುಖದಲ್ಲಿ ಉಂಟಲ್ವಾ, ಸಂತೋಷದಲ್ಲಿ ಹೌದು ಅಂದಾಳು.”

ಮೂರ್ಖ! ನಾನೂ ಮೂರ್ಖನೇ, ನನಗೂ ಹೊಳೆಯಲಿಲ್ಲ. ಸುಖ ಯಾರದ್ದು, ಊರು ಬಿಟ್ಟುಹೋದವರು ಯಾರು ಎಂದು ಇಬ್ಬರಲ್ಲಿ ಒಬ್ಬರಾದರೂ ಯೋಚಿಸಬೇಡವೇ?

ಮರುವಾರ ಪುಸ್ತಕ ಹಿಂದೆ ಬಂತು. ನಾನೂ ಅಲ್ಲೇ ನಿಂತಿದ್ದೆ. ಅವಳ ಮುಖ ಬಿಳುಚಿತ್ತು.

“ವಾರಿಜ ಐದು ವರ್ಷ ಕಾದಳು. ಸೀತಾರಾಮ ಬಂದ,” ಎಂದಳು. “ನನಗೆ ಇನ್ನೂ ಮೂರು ವರ್ಷವೂ ಆಗಲಿಲ್ಲ. ನಿಮ್ಮ ಚಿಕ್ಕಮ್ಮನಿಗೆ ಹೇಳಿ, ಬೇಸರ ಮಾಡಿಕೊಳ್ಳುವುದು ಬೇಡ.”

ಲಿಯೋನೆಲ್ ಪುಸ್ತಕವನ್ನು ಕಪಾಟಿನಲ್ಲಿ ಇಟ್ಟ. ಅವಳು ರಸ್ತೆ ದಾಟಿದಳು. ನಾನು ಅವನ ಕಾಲರು ಹಿಡಿದು ಅಲುಗಾಡಿಸಿದೆ. “ಹೋಗಿ ಹೇಳು! ಅದು ನಾನೇ ಕಟ್ಟಿದ್ದು, ಸುಳ್ಳು ಅಂತ ಹೇಳು!”

“ಹೇಳಿದರೆ ಎಂತ ಅರ್ಥ ಆಗ್ತದೆ ಉಮಾನಾಥ? ಕ್ಲಾಯ್ಡ್ ಬರುವುದಿಲ್ಲ, ನನ್ನನ್ನು ಮದುವೆಯಾಗು ಅಂತ. ನನ್ನ ಲಾಭಕ್ಕೆ ನಾನು ಒಬ್ಬನನ್ನು ಕೊಂದ ಹಾಗೆ ಆಗ್ತದೆ.”

ಅವನು ಹೇಳಿದ್ದರಲ್ಲಿ ನ್ಯಾಯ ಇತ್ತು. ನಾನಾದರೂ ಹೇಳಬಹುದಿತ್ತು. ಬಾಯಿ ಬಿಡಬೇಡ ಎಂದು ಅವನು ಆಣೆ ಹಾಕಿಸಿಕೊಂಡಿದ್ದ ಎನ್ನುವುದು ನೆಪ. ನಿಜವೆಂದರೆ ನನಗೂ ಹೆದರಿಕೆ. ಅಕಸ್ಮಾತ್ ಆ ಕ್ಲಾಯ್ಡ್ ನಾಳೆಯೇ ಬಂದುಬಿಟ್ಟರೆ?

ಬರಲಿಲ್ಲ. ಐದು ವರ್ಷ ಆಯಿತು, ಹತ್ತಾಯಿತು. ತೆರೆಸಾ ಮಣಿಪಾಲದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆದಳು. ತಾಯಿ ತೀರಿಕೊಂಡರು. ಕೂದಲು ನರೆಯಿತು. ಶನಿವಾರ ಬರುವುದನ್ನು ಬಿಡಲಿಲ್ಲ. ಮನೆಮನೆಗೆ ಟಿವಿ ಬಂದಾಗ ಅರ್ಧ ಗಿರಾಕಿ ಹೋದರು, ಮೊಬೈಲ್ ಬಂದಾಗ ಉಳಿದರ್ಧ ಹೋದರು. ಲಿಯೋನೆಲ್ ಜೆರಾಕ್ಸ್ ಮೆಷಿನ್ ಇಟ್ಟುಕೊಂಡು ಬದುಕಿದ. ಪುಸ್ತಕದ ಕಪಾಟು ಹಾಗೇ ಇಟ್ಟದ್ದು ಆ ಒಬ್ಬಳಿಗಾಗಿ. ಅವನಿಗೆ ಸಂಬಂಧಗಳು ಬಂದವು, ಶಾರ್ಲೆಟ್ ಎಂಬ ಒಳ್ಳೆಯ ನರ್ಸಮ್ಮನದೂ ಬಂತು, ಇವನು ಒಪ್ಪಲಿಲ್ಲ. ಅಂದಿನಿಂದ ಯಾವ ಪುಸ್ತಕಕ್ಕೂ ಕೊನೆ ಬರೆಯಲಿಲ್ಲ. ಪುಟ ಹರಿದಿದ್ದರೆ ‘ಮುಂದಕ್ಕೆ ಇಲ್ಲ’ ಎಂದು ಚೀಟಿ ಅಂಟಿಸುತ್ತಿದ್ದ.

ಹೋದ ನವೆಂಬರಿನಲ್ಲಿ ತೆರೆಸಾ ಒಂದು ಬುಧವಾರ ಬಂದಳು. ಅವಳು ಬುಧವಾರ ಬರುವವಳಲ್ಲ. ಕೈಯಲ್ಲಿ ಹಳೆಯ ಪುಸ್ತಕವೊಂದಿತ್ತು. ಅವಳ ಅಣ್ಣನ ಮಗಳು ಮೆಲಿಷಾ ಮಣಿಪಾಲದಲ್ಲಿ ಹಳೆಯ ಪುಸ್ತಕದ ರಾಶಿಯಲ್ಲಿ ಕಂಡು, ಅತ್ತೆಗೆ ಪ್ರೀತಿಯದ್ದು ಎಂದು ಹುಟ್ಟುಹಬ್ಬಕ್ಕೆ ಕೊಟ್ಟಿದ್ದಳು. ‘ಪಡಿ ಅಕ್ಕಿಯ ದಿನಗಳು’, ಒಂದು ಪುಟವೂ ಹರಿಯದ್ದು.

ಅವರಿಬ್ಬರೇ ಇರುವಾಗ ಮಾತು ಕೊಂಕಣಿಯಲ್ಲಿ, ಬಾಬ್, ಬಾಯ್ ಎಂಬ ಮರ್ಯಾದೆಯಲ್ಲಿ. ಹಲಗೆಯ ಈಚೆ ಕುಳಿತ ನನಗೆ ಇಷ್ಟು ವರ್ಷದಲ್ಲಿ ಎಲ್ಲ ಅರ್ಥವಾಗುತ್ತದೆ.

“ಕೊನೆಯದ್ದು ಒಮ್ಮೆ ದೊಡ್ಡದಾಗಿ ಓದಿ, ಲಿಯೋನೆಲ್ ಬಾಬ್.”

ಲಿಯೋನೆಲ್ ಅದನ್ನು ಎಂದೂ ಓದಿದವನಲ್ಲ. ನಿಜವಾದ ಕೊನೆ ಏನೆಂದು ಅವನಿಗೂ ಗೊತ್ತಿರಲಿಲ್ಲ. ಕನ್ನಡಕ ಹಾಕಿ ಓದತೊಡಗಿದ. ಸೀತಾರಾಮ ದಾರಿಯಲ್ಲಿ ಜ್ವರದಿಂದ ಸತ್ತದ್ದನ್ನು ಜೊತೆಗಿದ್ದವನು ಬಂದು ಹೇಳುತ್ತಾನೆ. ವಾರಿಜ ಒಂದು ವರ್ಷ ಅಳುತ್ತಾಳೆ. ಒಂದು ಸಂಜೆ ಮಾಸ್ತರರು ಅಕ್ಕಿ ಕೊಟ್ಟು ಹೊರಡುವಾಗ ಅವಳು ತಡೆಯುತ್ತಾಳೆ. ‘ದಿನಾ ಅಕ್ಕಿ ಕೊಟ್ಟು ಹಸಿದುಕೊಂಡು ಹೋಗುತ್ತೀರಿ. ನಾಳೆಯಿಂದ ಗಂಜಿಗೆ ಇಲ್ಲಿಯೇ ಕುಳಿತುಕೊಳ್ಳಿ, ನಾನೂ ಜೊತೆಗೆ ಉಣ್ಣುತ್ತೇನೆ…’

ಅಲ್ಲಿಗೆ ಅವನು ಪುಸ್ತಕ ಮಡಚಿದ.

“ನೀವು ಬರೆದದ್ದು ಎಲ್ಲಿಂದ ನೋಡಿ?” ಎಂದು ಅವಳು ಕೇಳಿದಳು.

“ಎಲ್ಲಿಂದಲೂ ಅಲ್ಲ. ನಾನೇ ಕಟ್ಟಿದ್ದು. ಗಿರಾಕಿಗಳಿಗೆ ಖುಷಿಯಾಗಲಿ ಅಂತ.”

“ಆ ಕೊರೆಜ್ಮದಲ್ಲಿ ನಾನು ವ್ರತ ಮುರಿದು ಓದಿದ್ದು ಯಾಕೆ ಗೊತ್ತುಂಟಾ? ನನ್ನ ಹಾಗಿನ ಒಬ್ಬಳು ಅದರಲ್ಲಿ ಇದ್ದಾಳೆ ಅಂತ ಕೇಳಿದ್ದೆ. ಅವಳು ಮಾಸ್ತರರನ್ನು ಮದುವೆಯಾದರೆ ನಾನು ನಿಮ್ಮನ್ನು ಆಗುವುದು, ಅವಳು ಕಾದರೆ ನಾನೂ ಕಾಯುವುದು ಅಂತ ದೇವರ ಹತ್ತಿರ ಹೇಳಿ ಪುಸ್ತಕ ಬಿಡಿಸಿದ್ದೆ. ಆಗಲಿ, ಆಗಲಿ ಅಂತ ಪ್ರತಿ ಪುಟಕ್ಕೂ ಬೇಡಿಕೊಂಡೆ, ಬಾಬ್. ನಿಮ್ಮ ಅಕ್ಷರ ಶುರುವಾದಾಗ ನನಗೆ ಧೈರ್ಯವೇ ಬಂದಿತ್ತು.”

ನಾನು ಸೂಜಿ ಹಿಡಿದಲ್ಲೇ ಹಿಡಿದಿದ್ದೆ. ಮಾತಾಡು ಮಾರಾಯ, ಈಗಲಾದರೂ ಮಾತಾಡು ಎಂದು ಮನಸ್ಸಿನಲ್ಲೇ ಕೂಗಿದೆ.

“ತೆರೆಸಾ ಬಾಯ್,” ಲಿಯೋನೆಲ್ ಅಂತೂ ಹೇಳಿದ, “ನನಗೆ ಅರುವತ್ತಮೂರು. ನೀವು ಹೌದು ಅಂದರೆ, ನಾನು ಇವತ್ತೇ ಇಗರ್ಜಿಗೆ ಹೋಗಿ ಪಾದ್ರಿಗಳ ಹತ್ತಿರ ಮಾತಾಡುತ್ತೇನೆ.”

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಕ್ಲಾಯ್ಡ್‌ನನ್ನು ನಾನು ನೋಡಿದ್ದು ಎರಡೇ ಸಲ. ನೋಡಲಿಕ್ಕೆ ಬಂದಾಗ ಒಮ್ಮೆ, ನಿಶ್ಚಯದಂದು ಒಮ್ಮೆ. ಆಗ ಅವನ ಮೇಲೆ ನನಗೆ ಮೋಗ್ ಇರಲೇ ಇಲ್ಲ,” ಎಂದಳು. ಮೋಗ್ ಎಂದರೆ ಅವರ ಮಾತಿನಲ್ಲಿ ಪ್ರೀತಿ. “ಇದ್ದದ್ದು ನಿಮ್ಮ ಮೇಲೆ. ಆದರೆ ಮೂವತ್ತೊಂದು ವರ್ಷ ದಿನಾ ಅವನಿಗೋಸ್ಕರ ರೋಜರಿ ಹೇಳಿದ್ದೇನೆ. ಅವನು ಉಂಡನಾ, ಎಲ್ಲಿ ಮಲಗಿದನೋ ಅಂತ ದಿನಾ ಯೋಚನೆ ಮಾಡಿದ್ದೇನೆ. ಹಾಗೆ ಮಾಡಿ ಮಾಡಿ ಈಗ ಮೋಗ್ ಬಂದಿದೆ. ಈಗ ನನಗೆ ಅವನೇ ಗಂಡ. ಎಂತ ಮಾಡಲಿ ಹೇಳಿ?”

ಅವಳು ಕೊಡೆ ತೆಗೆದುಕೊಂಡು ಹೊರಗೆ ಬಂದಳು. ನನ್ನನ್ನು ಕಂಡು “ಬರುತ್ತೇನೆ ಉಮಾನಾಥಣ್ಣ” ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಆಮೇಲೆ ಅವಳು ಬಂದಿಲ್ಲ.

ಹಲಗೆಯ ಆಚೆ ಲಿಯೋನೆಲ್ ಅಳಲು ಶುರು ಮಾಡಿದ. ಗಂಡಸರು ಹಾಗೆ ಅಳುವುದನ್ನು ನಾನು ಕೇಳಿಲ್ಲ, ಎಳೆಯ ಮಗುವಿನ ಹಾಗೆ, ತಡೆಯಿಲ್ಲದೆ. ಎದ್ದು ಹೋಗಿ ಹೆಗಲು ಹಿಡಿಯಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ? ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಅವನ ಬಾಗಿಲಿನ ಕಡೆ ನೋಡಿದರು. ನಾನು ಮೆಷಿನ್ ತುಳಿಯತೊಡಗಿದೆ. ಸೂಜಿಯಲ್ಲಿ ನೂಲಿರಲಿಲ್ಲ, ಕೆಳಗೆ ಬಟ್ಟೆಯಿರಲಿಲ್ಲ. ಅವನ ಸ್ವರ ಹೊರಗೆ ಕೇಳದ ಹಾಗೆ ಜೋರಾಗಿ, ಅವನು ಸುಮ್ಮನಾಗುವ ತನಕ, ಖಾಲಿ ಮೆಷಿನನ್ನು ತುಳಿಯುತ್ತಾ ಕುಳಿತೆ.