ಪಟ್ಟಿಯಲ್ಲಿ ಮೊದಲನೇ ಹೆಸರು

ಸುಲೇಪೇಟದ ಒಂದು ಶಾಲೆಗೆ ಕಂಪ್ಯೂಟರ್ ರಿಪೇರಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತ ವೀರಣ್ಣ ಮೊಬೈಲ್ ಹಿಡಿದು ಮಾಸ್ತರರ ಈಮೇಲ್ ವಿಳಾಸಗಳನ್ನೆಲ್ಲ ಸೇರಿಸುತ್ತ ಕೂತಿದ್ದರು.

"ಏನ್ರಿ ಇದು?"

"ವಾಟ್ಸಾಪಿನಾಗ ಬಂದದರಿ ಸರ್. ಮೋಸದ ಮೇಲ್ ಭಾಳ ಬರ್ಲಿಕತ್ತಾವಂತ. ಈ ಪಟ್ಟಿಯೊಳಗ ನಮ್ಮ ವಿಳಾಸ ಬರದು ಹತ್ತು ಗ್ರೂಪಿಗೆ ಕಳಿಸಿದ್ರ, ಈಮೇಲ್ ಕಂಪನಿಯವ್ರು ಅಂಥ ಮೇಲಿಗೆ ಬೀಗ ಹಾಕ್ತಾರಂತ."

ತಲೆ ಕೆಟ್ಟುಹೋಯಿತು. ಚಿತ್ತಾಪುರ, ವಾಡಿ ದಾಟಿ ಬಂದಿದ್ದ ಪಟ್ಟಿ ಅದು. ಮೋಸಗಾರರಿಗೆ ಬೇಕಾದದ್ದೇ ಈ ವಿಳಾಸಗಳು, ನೀವೇ ಕೂಡಿಹಾಕಿ ಕೊಡುತ್ತಿದ್ದೀರಿ ಎಂದು ಅರ್ಧ ತಾಸು ಗಂಟಲು ಹರಿದುಕೊಂಡೆ.

"ಖರೇ ಅದರಿ," ಎಂದು ತಲೆಯಾಡಿಸಿ ಚಹಾ ತರಿಸಿದರು. ರಿಪೇರಿ ಚೀಟಿಯಲ್ಲಿ ನನ್ನ ಹೆಸರು, ಈಮೇಲ್ ವಿಳಾಸ ಬರೆದುಕೊಟ್ಟು ಹೊರಟೆ.

ಸಂಜೆ ಶಹಾಬಾದದ ನಮ್ಮಕ್ಕ ಅದೇ ಪಟ್ಟಿ ಕಳಿಸಿದಳು. ಎಲ್ಲಕ್ಕಿಂತ ಮೇಲೆ ನನ್ನದೇ ಹೆಸರು, ವಿಳಾಸ! ವೀರಣ್ಣನಿಗೆ ಫೋನ್ ಹಚ್ಚಿದೆ.

"ಕಳಿಸಿದ್ರ ಹೋಗೂದೇನದ ಅಂದ್ರರಿ ಹೆಡ್ ಮಾಸ್ತರು. ನಮ್ಮ ಸಲುವಾಗಿ ಅಷ್ಟು ದೂರ ಬಂದೀರಿ, ನಿಮ್ಮನ್ನ ಬಿಟ್ರ ಹೆಂಗರಿ? ಲಗ್ನಪತ್ರಿಕಿಯೊಳಗ ದೊಡ್ಡೋರ ಹೆಸರು ಮ್ಯಾಲ ಹಾಕ್ತೀವಲ್ಲ, ಹಂಗ ಹಾಕೀನಿ."

ಫೋನ್ ಇಟ್ಟೆ. ಇದು ಸುಳ್ಳು ಸುದ್ದಿ ಎಂದು ಅಕ್ಕನಿಗಾದರೂ ಹೇಳೋಣವೆಂದು ನೋಡಿದರೆ, ಪಟ್ಟಿಯ ಕೆಳಗೆ ಅವಳು ಬರೆದಿದ್ದಳು: "ತಮ್ಮಾ, ಮೊದಲು ಸುಳ್ಳೇ ಇರಬೇಕು ಅನ್ಕೊಂಡಿದ್ದೆ. ಕಂಪ್ಯೂಟರ್ ತಿಳದಾಂವ ನೀನೇ ಹೆಸರು ಹಾಕೀದಿ ಅಂದಮ್ಯಾಲ ನಮ್ಮನಿಯವರೆಲ್ಲರದೂ ಸೇರಿಸೀನಿ."