ನಿಧಾನದವರು ಮುಂದೆ

ಅವರ ಎಡಗಿವಿಗೆ ಮೇಲಿನ ಅಂಚೇ ಇರಲಿಲ್ಲ. ಮಾಸ್ಕಿನ ದಾರ ಅಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ಅದನ್ನು ಉಣ್ಣೆಯ ಟೋಪಿಗೆ ಸೇರಿಸಿ ಪಿನ್ನು ಚುಚ್ಚಿಕೊಳ್ಳುತ್ತಿದ್ದರು. ಕೊರೊನಾದ ಮೊದಲ ಚಳಿಗಾಲದಲ್ಲಿ, ಜಪಾನಿನ ನಾಗಾನೋದ ಹಿಮದಲ್ಲಿ ದಾರಿ ತಪ್ಪಿ ಒಬ್ಬಳೇ ನಿಂತಿದ್ದ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಪಿನ್ನು. ಅರವತ್ತೆಂಟರ ಆ ಅಜ್ಜಿ ಏನೂ ಕೇಳದೆ ಥರ್ಮಾಸಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟು, ತಮ್ಮ ಊರಿನವರೆಗೆ ಕರೆತಂದರು.

ನನಗೆ ಆ ಗತಿ ತಂದವರು ನಮ್ಮ ಟೀಮ್ ಲೀಡ್, ಬೆಂಗಳೂರಿನವರೇ. ಮನೆಯೊಳಗೆ ಕೂತು ಕೆಲಸ ಮಾಡಿ ಬೇಸತ್ತಿದ್ದ ಐದಾರು ಮಂದಿಯನ್ನು ಕ್ರಾಸ್ ಕಂಟ್ರಿ ಸ್ಕೀಗೆಂದು ಹೊರಡಿಸಿದ್ದರು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಕಾಡುದಾರಿಯಲ್ಲಿ ಮೈಲಿಗಟ್ಟಲೆ ಸಾಗುವ ಆಟ ಅದು. ಮೂರನೇ ಸಲ ನಾನು ಬಿದ್ದಾಗ ಅವರು ಎತ್ತಲಿಲ್ಲ, ಫೋನಿನಲ್ಲಿ ವಿಡಿಯೋ ತೆಗೆದರು. "ನೀವು ನಿಧಾನಕ್ಕೆ ಬರ್ತಾ ಇರಿ, ನಾವು ಹೋಗಿರ್ತೀವಿ" ಎಂದು ಹೊರಟೇಬಿಟ್ಟರು. ಹಿಮ ಸುರಿದು ಅವರ ಜಾಡು ಮುಚ್ಚಿಹೋಯಿತು. ಸಾಲದ್ದಕ್ಕೆ ಸೋಮವಾರದ ಆನ್‌ಲೈನ್ ಮೀಟಿಂಗಿನಲ್ಲಿ ಆ ವಿಡಿಯೋ ಹಾಕಿ ಎಲ್ಲರನ್ನೂ ನಗಿಸಿದರು. ಟೋಕಿಯೋ ಪಕ್ಕದ ಉರಯಾಸುವಿನ ನನ್ನ ಕೋಣೆಯಲ್ಲಿ ಕ್ಯಾಮೆರಾ ಆಫ್ ಮಾಡಿ ಹಲ್ಲು ಕಡಿದೆ. ಈ ಮನುಷ್ಯನನ್ನು ಅದೇ ದಾರಿಯಲ್ಲಿ ಹಿಂದೆ ಬಿಟ್ಟು ಹೋಗದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡೆ.

ಮುಂದಿನ ಶನಿವಾರವೇ ಅಜ್ಜಿಯ ಮುಂದೆ ನಿಂತೆ. ಅವರು ಆ ಊರಿನಲ್ಲಿ ಸ್ಕೀ ಕಲಿಸುವ ಸೆನ್ಸೇ, ನಮ್ಮ ಮಾತಿನಲ್ಲಿ ಗುರು. ಯಾಕೆ ಕಲಿಯಬೇಕು ಎಂದು ಕೇಳಿದರು. "ಸೇಡಿಗೆ" ಎಂದೆ.

"ಒಳ್ಳೇ ಕಾರಣ. ಮೈ ಕರಗಿಸೋಕೆ ಬರೋರು ಎರಡೇ ವಾರಕ್ಕೆ ಬಿಟ್ಟು ಹೋಗ್ತಾರೆ."

ಮೊದಲು ನನ್ನ ಉಡುಪನ್ನು ಕಳಚಿಸಿದರು. ಮೈಸೂರಿನಿಂದ ಅಮ್ಮ ಕಳಿಸಿದ್ದ ಮಂಕಿ ಕ್ಯಾಪು, ಒಂದರ ಮೇಲೊಂದು ಎರಡು ಸ್ವೆಟರು, ಒಳಗೆ ಹತ್ತಿಯ ಬನಿಯನ್ನು. ಚಳಿಯೆಂದರೆ ಮನೆಯಲ್ಲಿರುವುದನ್ನೆಲ್ಲ ಹೇರಿಕೊಳ್ಳುವುದು ನಮ್ಮವರ ಬುದ್ಧಿ. "ಇಂದೋ-ಸಾನ್, ಹಿಮಕ್ಕೆ ಹೆದರಬೇಡ, ಬೆವರಿಗೆ ಹೆದರು. ಹತ್ತಿ ಒದ್ದೆಯಾದ್ರೆ ಒಣಗಲ್ಲ. ನಿಂತ ಕೂಡ್ಲೇ ಕೊರೆಯುತ್ತೆ" ಎಂದರು. ನನ್ನ ಹೆಸರು ನಾಲಿಗೆಗೆ ಒಗ್ಗದೆ ನನ್ನನ್ನು ದೇಶದ ಹೆಸರಿನಿಂದಲೇ ಕರೆಯುತ್ತಿದ್ದರು. ಹೊರಡುವಾಗ ಸ್ವಲ್ಪ ಚಳಿಯಾಗುವಷ್ಟೇ ಬಟ್ಟೆ, ಚೀಲದಲ್ಲಿ ಒಣಗಿದ ಉಣ್ಣೆಯಂಗಿ ಇನ್ನೊಂದು. ಇಡೀ ಭಾರವನ್ನು ಒಂದೇ ಹಲಗೆಯ ಮೇಲೆ ಹಾಕಿ ಜಾರುವುದು, ಇಳಿಜಾರಿನಲ್ಲಿ ಹಿಮ್ಮಡಿ ಅಗಲಿಸಿ ವೇಗ ತಗ್ಗಿಸುವುದು, ಇವನ್ನೆಲ್ಲ ಬಿದ್ದು ಬಿದ್ದು ಕಲಿತೆ. ಅವರ ಒಂದು ನಿಯಮ ಮಾತ್ರ ನನಗೆ ಸುತರಾಂ ಹಿಡಿಸಲಿಲ್ಲ: ಎಲ್ಲರಿಗಿಂತ ನಿಧಾನದವರು ಮುಂದೆ, ಗಟ್ಟಿಗರು ಕೊನೆಗೆ. ಹಾಗಾದರೆ ನನ್ನ ಸೇಡಿನ ಗತಿ?

ಒಂದು ದಿನ ಕಿವಿಯ ಬಗ್ಗೆ ಕೇಳಿದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಕ್ಲಬ್ಬಿನ ನಾಯಕ ಅವರನ್ನು ಹಿಮಗಾಳಿಯಲ್ಲಿ ಬಿಟ್ಟು ಮುಂದೆ ಹೋಗಿದ್ದನಂತೆ. ಕಿವಿಯ ಅಂಚು ಕಪ್ಪಾಗಿ ಉದುರಿತಂತೆ.

"ಅವನನ್ನ ಕ್ಷಮಿಸಿದ್ರಾ?"

"ಯಾಕೆ ಕ್ಷಮಿಸ್ಲಿ? ಅವನು ಸತ್ತಾಗ ಊರಿಗೆ ಊರೇ ಹೋಯ್ತು, ನಾನು ಊದುಬತ್ತಿ ಹಚ್ಚೋಕೂ ಹೋಗ್ಲಿಲ್ಲ. ಆದ್ರೆ ಇವತ್ತಿನವರೆಗೆ ಒಬ್ಬರನ್ನೂ ಹಿಂದೆ ಬಿಟ್ಟು ಬಂದಿಲ್ಲ."

ಮರುವರ್ಷ ಅದೇ ಟೀಮು, ಅದೇ ದಾರಿ. ಸೆನ್ಸೇಯನ್ನು ಗೊತ್ತುಮಾಡಿದವಳು ನಾನೇ. ಲೀಡ್ ಜೀನ್ಸು, ಹತ್ತಿಯ ಟೀಶರ್ಟು, ಮೇಲೆ ದಪ್ಪ ಜಾಕೆಟ್ಟು ತೊಟ್ಟು ಬಂದಿದ್ದರು. "ನಿಧಾನದವರು ಮುಂದೆ ಅಂತೆ, ನಾನೇನು ನಿಧಾನವಾ?" ಎಂದು ನಕ್ಕರು. ಸೆನ್ಸೇ ಮುಂದಿನವರ ಜೊತೆ ಹೊರಟು, ಮೊದಲ ಬಾರಿಗೆ ನನ್ನನ್ನು ಕೊನೆಗೆ ನಿಲ್ಲಿಸಿದರು. ಏರು ಶುರುವಾಗುತ್ತಲೇ ಲೀಡ್ ಬೆವರಿ, ಏದುಸಿರು ಬಿಡುತ್ತಾ ಹಿಂದೆ ಬಿದ್ದರು. ಕೊನೆಗೆ ನಿಂತೇಬಿಟ್ಟರು.

"ಒಂದ್ನಿಮಿಷ ಮೇಡಂ, ಆಗ್ತಿಲ್ಲ."

ವರ್ಷವಿಡೀ ಬಾಯಿಪಾಠ ಮಾಡಿದ್ದ ಮಾತು ಹೊರಬಿತ್ತು. "ನೀವು ನಿಧಾನಕ್ಕೆ ಬರ್ತಾ ಇರಿ ಸರ್, ನಾವು ಹೋಗಿರ್ತೀವಿ."

ಆಹಾ, ಎಂಥ ಸುಖ! ತಿರುಗಿ ನೋಡದೆ ಇನ್ನೂರು ಹೆಜ್ಜೆ ಜಾರಿದೆ. ತಿರುವಿನಲ್ಲಿ ಸೆನ್ಸೇ ತಲೆ ಎಣಿಸುತ್ತಿದ್ದರು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ಕಂಡರು. ಪಿನ್ನು ತೆಗೆದು, ಟೋಪಿ ಸರಿಸಿ, ಆ ಕಿವಿಯನ್ನು ನನ್ನ ಕಡೆಗೆ ತಿರುಗಿಸಿ ನಿಂತರು.

ವಾಪಸ್ ಹೋದೆ. ಲೀಡ್ ಅವರ ತುಟಿ ನೀಲಿಯಾಗಿತ್ತು, ಜಾಕೆಟ್ಟಿನ ಜಿಪ್ಪು ಎಳೆಯಲು ಬೆರಳು ಬಗ್ಗುತ್ತಿರಲಿಲ್ಲ. ಇನ್ನು ಅರ್ಧ ಗಂಟೆ ಬಿಟ್ಟಿದ್ದರೆ ಏನಾಗುತ್ತಿತ್ತೋ. ನನ್ನ ಚೀಲದ ಒಣ ಅಂಗಿ ಕೊಟ್ಟು ಮರದ ಮರೆಗೆ ಕಳಿಸಿದೆ. ಅಚ್ಚ ಗುಲಾಬಿ ಬಣ್ಣ, ಕತ್ತಿನ ಸುತ್ತ ಹೂವು. ಜಾಕೆಟ್ಟಿನೊಳಗಿಂದ ಹೂವು ಇಣುಕುತ್ತಿತ್ತು. ಸೆನ್ಸೇ ಅವರನ್ನು ಎಲ್ಲರ ಮುಂದೆ ನಿಲ್ಲಿಸಿದರು. ನಾಲ್ಕು ಸಲ ಬಿದ್ದರು. ನಾಲ್ಕು ಸಲವೂ ಇಡೀ ಟೀಮು ಹಿಂದೆ ಕಾದು ನಿಂತಿತು. ಯಾರೂ ಫೋನ್ ತೆಗೆಯಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು.

ಮೂರನೇ ಚಳಿಗಾಲಕ್ಕೆ ಮುಂಚೆ ಸೆನ್ಸೇ ಕೊರೊನಾದಿಂದ ಹೋದರು. ಆಸ್ಪತ್ರೆಯೊಳಗೆ ಯಾರನ್ನೂ ಬಿಡಲಿಲ್ಲ, ಅಂತ್ಯಕ್ರಿಯೆಗೆ ಮನೆಯವರು ಮಾತ್ರ. ಉರಯಾಸುವಿನ ಕೋಣೆಯಲ್ಲೇ ಊದುಬತ್ತಿ ಹಚ್ಚಿ ತುಂಬ ಹೊತ್ತು ಅತ್ತೆ.

ಲೀಡ್ ಬೆಂಗಳೂರಿಗೆ ಮರಳುವ ಮುನ್ನ, "ಹಳೇದೆಲ್ಲ ಮರ್ತುಬಿಡಿ ಮೇಡಂ" ಎಂದರು. "ಆಗಲ್ಲ ಸರ್" ಎಂದೆ. ಈಗ ಹೊಸಬರನ್ನು ಆ ದಾರಿಗೆ ಕರೆದೊಯ್ಯುವವಳು ನಾನು. ನಿಧಾನದವರನ್ನು ಮುಂದೆ ಬಿಟ್ಟು ಕೊನೆಗೆ ನಡೆಯುತ್ತೇನೆ. ಸೆನ್ಸೇಯ ಹಾಗೆ ಒಬ್ಬರನ್ನೂ ಹಿಂದೆ ಬಿಟ್ಟು ಬಂದಿಲ್ಲ ಎಂದು ಹೇಳಿಕೊಳ್ಳಲು ಮಾತ್ರ ನನ್ನಿಂದಾಗದು. ಒಬ್ಬರನ್ನು ಬಿಟ್ಟಿದ್ದೆ, ಇನ್ನೂರು ಹೆಜ್ಜೆ.